ಗುಡ್ಡಪ್ಪ ಕಾಕಾನ ಆರು ಡಬ್ಬಿ

ಟಕ್, ಟಕ್. ಬಲಗೈಯ ತೋರುಬೆರಳನ್ನು ಮಡಿಸಿ, ಗೆಣ್ಣಿನಿಂದ ಎರಡೇ ಸಲ. ಮೂರನೆಯ ಸಲ ಬಡಿದದ್ದನ್ನು ನಾನು ನೋಡಿಲ್ಲ. ಸವಣೂರಿನ ಬಸ್ ನಿಲ್ದಾಣದಲ್ಲಿ ಬಂಕಾಪುರದ ಬಸ್ಸು ಬಂದು ನಿಂತರೆ ಗುಡ್ಡಪ್ಪ ಕಾಕಾ ಅದರ ಪಕ್ಕೆಗೆ ಹೀಗೆ ಬಡಿದು, "ಇಪ್ಪತ್ತು ಗೇಜು. ಹೋದ ವರ್ಷದ ಬಸ್ ಇದಕ್ಕಿಂತ ದಪ್ಪ ಇತ್ತು" ಎನ್ನುತ್ತಿದ್ದರು. ಚಹಾದಂಗಡಿಯ ಕೆಟ್ಲಿಗೆ ಬಡಿಯುತ್ತಿದ್ದರು. ಬ್ಯಾಂಕಿನ ಕಪಾಟಿಗೆ ಬಡಿಯುತ್ತಿದ್ದರು. ಆಸ್ಪತ್ರೆಗೆ ಸೇರಿದಾಗ ತಾವು ಮಲಗಿದ್ದ ಮಂಚಕ್ಕೇ ಬಡಿದು ನರ್ಸ್‌ಬಾಯಿಗೆ ಅದರ ಗೇಜು ಹೇಳಿದ್ದರು. ಒಂದು ಮದುವೆಯಲ್ಲಿ ಊಟಕ್ಕೆ ಕುಳಿತಾಗ ಮುಂದಿದ್ದ ತಾಟಿಗೆ ಬಡಿದು, "ಬಾಡಿಗಿ ತಾಟು" ಅಂದುಬಿಟ್ಟರು; ಹುಡುಗನ ಕಡೆಯವರು ಮುನಿಸಿಕೊಂಡು ಎದ್ದರು. ಆ ಮದುವೆಯಲ್ಲಿ ನಾನಿರಲಿಲ್ಲ. ಯಾರೋ ಹೇಳಿದ್ದು. ಆದರೂ ಆ ತಾಟಿನ ಸದ್ದು ನನ್ನ ಕಿವಿಯಲ್ಲಿದೆ, ಎಲೆ ಅಡಿಕೆಯ ವಾಸನೆಯ ಸಮೇತ. ನನ್ನ ನೆನಪನ್ನು ನಾನು ಪೂರ್ತಿ ನಂಬದೆ ಇರುವುದು ಇಂಥವುಗಳಿಂದಲೇ. ಹಾಗಾಗಿ ಇಲ್ಲಿ ಬರೆಯುವಾಗ ನಾನು ಕಂಡದ್ದು ಯಾವುದು, ಕೇಳಿದ್ದು ಯಾವುದು, ಮೆರುಗು ಹಚ್ಚಿದ್ದು ಯಾವುದು ಎಂದು ಗೊತ್ತಿದ್ದಷ್ಟು ಹೇಳುತ್ತ ಹೋಗುತ್ತೇನೆ.

ಕಂಡದ್ದು ಇದು: ಸವಣೂರಿನಲ್ಲಿ ನಿಲ್ದಾಣಕ್ಕೂ ನಮ್ಮ ಕಾಲೇಜಿಗೂ ನಡುವೆ ಅವರ ತಗಡಿನ ಅಂಗಡಿ. ಟ್ರಂಕು, ಕಾಳಿನ ಡಬ್ಬಿ, ಎಣ್ಣೆ ಸುರಿಯುವ ಲಾಳಿಕೆ, ನೀರು ಕಾಯಿಸುವ ಹಂಡೆಯ ಮುಚ್ಚಳ. ಗೋಡೆಯ ಮೇಲೆ ಅವರೇ ತಗಡಿನಲ್ಲಿ ಕತ್ತರಿಸಿದ ಬುದ್ಧನ ಮುಖ. ಉಳಿದ ಗೋಡೆಗೆಲ್ಲ ಕತ್ತರಿ, ಸುತ್ತಿಗೆ, ಮರದ ಕೊಡತಿ. ಕೆಲಸ ಕಲಿತದ್ದು ಅದೇ ಓಣಿಯ ಒಬ್ಬ ಉಸ್ತಾದರ ಕೈಯಲ್ಲಿ. ಉಸ್ತಾದರ ಹೆಸರು ಬಂದರೆ ಕಿವಿ ಮುಟ್ಟಿಕೊಳ್ಳುತ್ತಿದ್ದರು. ನಾನು ಬಂಕಾಪುರದವಳು. ಸಂಜೆಯ ಬಸ್ಸಿಗೆ ಕಾಯುತ್ತ ಅವರ ಅಂಗಡಿಯ ಮುಂದಿನ ಮಗುಚಿದ ಹಂಡೆಯ ಮೇಲೆ ಕುಳಿತು ಮೂರು ವರ್ಷ ಕಳೆದಿದ್ದೇನೆ. ಭೌತಶಾಸ್ತ್ರದ ಪುಸ್ತಕದಲ್ಲಿ ಶಬ್ದದ ಪಾಠ ಓದುವಾಗ ಹಿಂದೆ ಅವರ ಕೊಡತಿ ನಡೆಯುತ್ತಿತ್ತು. ಪುಸ್ತಕದ ಪಾಠ ಮರೆತಿದ್ದೇನೆ.

ಒಂದು ದಿನ ಹಾನಗಲ್ಲಿನಿಂದ ಒಬ್ಬ ಹೆಣ್ಣುಮಗಳು ಟ್ರಂಕನ್ನು ತಲೆಯ ಮೇಲೆ ಹೊತ್ತುಕೊಂಡೇ ಬಂದಳು. ದಡಕ್ಕನೆ ಇಳಿಸಿದಳು.

"ಏನ್ರಿ ಇದು, ಟ್ರಂಕೋ ಬೀಸೂ ಕಲ್ಲೋ? ನಮ್ಮ ನೆಗೆಣ್ಣಿ ಅಕ್ಕಿಆಲೂರಾಗ ತಗೊಂಡಾಳ, ಇಷ್ಟ ದೊಡ್ಡದ ಐತಿ, ಹೂ ಎತ್ತಿದಂಗ ಎತ್ತತಾಳ. ನನ್ನ ಕುತ್ತಿಗಿ ಹೋತು."

"ಸ್ವಲ್ಪ ವಜ್ಜ ಆಗೇತಿ, ಯವ್ವಾ," ಎಂದರು ಕಾಕಾ.

"ಸ್ವಲ್ಪ ಅಂತ! ತಗಡ ಕೊಡೂ ಬದ್ಲಿ ಕಬ್ಬಿಣ ಹಾಕೀರಿ."

ಅವಳು ಬೈದು ಮುಗಿಸುವ ತನಕ ಕೂತು ಕೇಳಿದರು. ಆಮೇಲೆ ಹಿಡಿಕೆಗೆ ಬಟ್ಟೆ ಸುತ್ತಿ, ಬಸ್ಸಿನ ಮೇಲೆ ತಾವೇ ಏರಿಸಿ ಬಂದರು. ನಾನು ಅಷ್ಟರಲ್ಲಿ ಒಂದು ಹೊಸ ಟ್ರಂಕನ್ನು ಮಗುಚಿ ನೋಡಿದ್ದೆ. ತಳದ ನಾಲ್ಕು ಮೂಲೆಗೂ ಒಳಗಿನಿಂದ ಇನ್ನೊಂದು ತಗಡಿನ ತೇಪೆ ಕೂರಿಸಿ ರಿವೆಟ್ ಬಡಿದಿದ್ದರು. ಹಿಡಿಕೆಯ ಹಿಂದೆ ಮತ್ತೊಂದು. ಹೊರಗಿನಿಂದ ಏನೂ ಕಾಣದು.

"ಇದನ್ನ ಆಕೀಗೆ ಹೇಳಬಾರದಾಗಿತ್ತೇನ್ರಿ ಕಾಕಾ? ಸುಮ್ನ ಬೈಸ್ಕೊಂಡ್ರಿ."

"ಅದು ಕೊಸರು, ಯವ್ವಾ. ಸಂತ್ಯಾಗ ಮೆಣಸಿನಕಾಯಿ ತೂಗಿದ ಮ್ಯಾಲೆ ಒಂದ್ ಹಿಡಿ ಹಾಕ್ತಾರಲ್ಲ, ಅಂಥಾದು. ಅವರು ತೋರಿಸಿ ಹಾಕ್ತಾರ. ನಮ್ಮ ಉಸ್ತಾದ ಹೇಳ್ತಿದ್ರು, ತಗಡಿನವ ತೋರಿಸಬಾರದು ಅಂತ. ಹೇಳಿ ಕೊಟ್ರ ಅದು ಕೊಸರ ಹ್ಯಾಂಗಾಕ್ಕೈತಿ? ಬ್ಯಾಪಾರ ಆಕ್ಕೈತಿ."

ಈ ಮಾತನ್ನು ಅವರು ಅಂದೇ ಆಡಿದರೋ ಬೇರೆ ದಿನವೋ, ಖಚಿತವಿಲ್ಲ. ಆಡಿದ್ದಂತೂ ನಿಜ. ಯಾಕೆಂದರೆ ಹೇಳದೆ ಕೊಟ್ಟ ಕೊಸರೊಂದು ಮುಂದೆ ನನ್ನ ಪಾಲಿಗೂ ಬಂತು.

ನಾನು ಓದು ಮುಂದುವರಿಸಿ ದೂರದ ಒಂದು ಪ್ರಯೋಗಾಲಯದಲ್ಲಿ ಸಂಶೋಧನೆಗೆ ಸೇರಿದೆ. ನನ್ನ ವಿಷಯ ಇದು: ಭೂಮಿಯ ಸುತ್ತ ಹಳೆಯ ರಾಕೆಟ್ಟುಗಳ ಚೂರು, ಕಳಚಿದ ಮೊಳೆ, ಎದ್ದ ಬಣ್ಣದ ಪದರ ಇಂಥವು ಭಯಂಕರ ವೇಗದಲ್ಲಿ ಸುತ್ತುತ್ತಿವೆ. ಆ ವೇಗದಲ್ಲಿ ಸವಣೂರಿನಿಂದ ಬಂಕಾಪುರಕ್ಕೆ ಎರಡು ಮೂರು ಸೆಕೆಂಡು ಸಾಕು. ಜೋಳದ ಕಾಳಿನಷ್ಟು ಲೋಹ ಬಂದು ಬಡಿದರೂ ಉಪಗ್ರಹಕ್ಕೆ ತೂತು. ಅದನ್ನು ತಡೆಯಲು ದಪ್ಪ ಗೋಡೆ ಕಟ್ಟಿದರೆ ತೂಕ ಹೆಚ್ಚಿ ಮೇಲೆ ಹೋಗುವುದಿಲ್ಲ. ಉಪಾಯವೆಂದರೆ ಗೋಡೆಯ ಮುಂದೆ, ಸ್ವಲ್ಪ ಜಾಗ ಬಿಟ್ಟು, ಒಂದು ತೆಳ್ಳನೆಯ ತಗಡು.

ನನಗೆ ಪರೀಕ್ಷೆಗೆಂದು ಅಂಥ ಆರು ಡಬ್ಬಿಗಳು ಬೇಕಿದ್ದವು. ಮುಂದೆ ತೆಳು ಅಲ್ಯೂಮಿನಿಯಂ ತಗಡು, ಹತ್ತು ಸೆಂಟಿಮೀಟರ್ ಖಾಲಿ ಜಾಗ, ಹಿಂದೆ ದಪ್ಪನೆಯದು. ಚೂರುಗಳು ಹೊರಗೆ ಸಿಡಿಯದಂತೆ ನಾಲ್ಕು ಪಕ್ಕಕ್ಕೂ ಮುಚ್ಚು. ಪ್ರಯೋಗಾಲಯದ ವರ್ಕ್‌ಶಾಪಿನಲ್ಲಿ ನನ್ನ ಸರದಿ ಬರಲು ತಿಂಗಳುಗಳು ಬೇಕಿತ್ತು. ನನಗೆ ಸಿಕ್ಕಿದ್ದು ಮೂರೇ ಪರೀಕ್ಷೆಗಳ ಅವಕಾಶ, ಉಳಿದ ಮೂರು ಡಬ್ಬಿ ಯಾವುದಾದರೂ ಕೆಟ್ಟರೆ ಇರಲಿ ಎಂದು; ದಿನವೂ ಗೊತ್ತಾಗಿತ್ತು. ಅದು ತಪ್ಪಿದರೆ ಆ ವರ್ಷ ಮತ್ತೆ ಸಿಗದು. ನನ್ನ ವಿದ್ಯಾರ್ಥಿವೇತನ ಮುಗಿಯುವುದೂ ಅದೇ ವರ್ಷ. ಅಲ್ಯೂಮಿನಿಯಂ ಹಾಳೆಗಳನ್ನು ಚಾದರದಲ್ಲಿ ಸುತ್ತಿಕೊಂಡು ಸವಣೂರಿನ ಅಂಗಡಿಗೆ ಬಂದೆ.

ಕಾಕಾ ಹಾಳೆಗೆ ಬಡಿದರು. ಟಕ್, ಟಕ್.

"ಇದು ಕಾಗದ ಐತಿ. ಇದಕ್ಕ ಗುಂಡ ಹೊಡೀತಿ?"

"ಹೌದ್ರಿ."

"ಅದು ತಡೀತೈತಿ?"

"ತಡಿಯೂದಿಲ್ಲ. ಗುಂಡನ್ನ ಒಡೀತೈತಿ."

ಅವರು ನನ್ನನ್ನು ನೋಡಿದ ರೀತಿಗೆ, ಇವಳನ್ನು ಓದಿಸಿ ಕೆಡಿಸಿದರು ಎಂಬ ಅರ್ಥವಿತ್ತು. "ಗುಂಡು ತಗಡ ಹರಿಯೂದು ಕಂಡೇನಿ. ತಗಡು ಗುಂಡ ಒಡಿಯೂದು ಕಂಡಿಲ್ಲ."

ಅಂಗಡಿಯ ಹಿಂದೆ ಅವರ ಮನೆಯ ಹಿತ್ತಿಲಿಗೆ ಕರೆದುಕೊಂಡು ಹೋದೆ. ಒಣಗಿದ ಮಣ್ಣಿನ ಹೆಂಟೆಯೊಂದನ್ನು ಆರಿಸಿ ಗೋಡೆಗೆ ಬೀಸಿದೆ. ಧಪ್ಪೆಂದು ಬಿದ್ದು ಸುಣ್ಣ ಕಿತ್ತುಬಂತು. ಆಮೇಲೆ ಗೋಡೆಯ ಮುಂದೆ ಮಾರು ದೂರದಲ್ಲಿ ಕೋಳಿ ಗೂಡಿನ ಜಾಳಿಗೆ ನಿಲ್ಲಿಸಿ ಇನ್ನೊಂದು ಹೆಂಟೆ ಮೆಲ್ಲಗೆ ಎಸೆದೆ. ಜಾಳಿಗೆಗೆ ತಾಗಿ ಇಡಿಯಾಗಿ ಕೆಳಗೆ ಬಿತ್ತು. ಮೂರನೆಯದನ್ನು ಕೈಲಾದಷ್ಟು ಜೋರಾಗಿ. ಜಾಳಿಗೆಯನ್ನು ದಾಟುವಾಗಲೇ ಒಡೆದು, ಅಗಲಕ್ಕೆ ಹರಡಿ, ಗೋಡೆಯ ತುಂಬ ಬರೀ ಮಣ್ಣಿನ ಪುಡಿ. ಸುಣ್ಣ ಎಲ್ಲೂ ಕೀಳಲಿಲ್ಲ.

ಕಾಕಾ ತಾವೊಂದು ಎಸೆದರು. ಮತ್ತೊಂದು. ಒಳಗಿನಿಂದ ಅವರ ಹೆಂಡತಿ ನೀಲವ್ವ ಸೌಟು ಹಿಡಿದೇ ಬಂದರು.

"ಮೊನ್ನೆರ ಸುಣ್ಣಾ ಹಚ್ಚೇನಿ! ಆಕಿ ಸಣ್ಣಾಕಿ, ನಿಮಗೇನ ಆಗೇತಿ?"

"ತಡೀಲೇ, ಸಾಯನ್ಸ್ ನಡದೈತಿ."

ನಾನು ವಿವರಿಸಿದೆ. ಕಾಳು ಆ ವೇಗದಲ್ಲಿ ತಗಡಿಗೆ ಬಡಿದ ಕೂಡಲೇ ಅದರೊಳಗೆ ಒಂದು ಅಲೆ ಹೊರಡುತ್ತದೆ. ಆ ಅಲೆ ಕಾಳಿನ ಬೆನ್ನು ಮುಟ್ಟಿ ತಿರುಗುವಾಗ ಒತ್ತುವುದು ಹೋಗಿ ಎಳೆಯುವುದಾಗುತ್ತದೆ. ಒತ್ತಿದರೆ ಲೋಹ ತಾಳಿಕೊಂಡೀತು, ಅಂಥ ಎಳೆತಕ್ಕೆ ಒಳಗಿನಿಂದಲೇ ಹರಿಯುತ್ತದೆ; ಇನ್ನೂ ವೇಗವಿದ್ದರೆ ಕರಗಿಯೇ ಹೋಗುತ್ತದೆ. ಆಮೇಲೆ ಅದು ಕಾಳಲ್ಲ, ಚೂರುಗಳ ಮೋಡ. ಮುಂದೆ ಹೋದಷ್ಟೂ ಅಗಲವಾಗುತ್ತದೆ. ಹಿಂದಿನ ತಗಡಿಗೆ ಒಂದು ಕಡೆ ಬೀಳಬೇಕಿದ್ದ ಪೆಟ್ಟು ಹರಡಿ ಹಂಚಿಹೋಗುತ್ತದೆ.

ಕಾಕಾ ಅದನ್ನು ಮೂರು ಬೆರಳಿನಲ್ಲಿ ಎಣಿಸಿದರು. "ಮುಂದಿನ ತಗಡು ಒಡಿಯಾಕ. ಹಿಂದಿನ ತಗಡು ತಡಿಯಾಕ. ನಡುವಿನ ಜಾಗಾ ಚೆದರಾಕ."

ನಮ್ಮ ಪ್ರಯೋಗಾಲಯದಲ್ಲಿ ಹೊಸಬರಿಗೆ ಇದನ್ನು ತಿಳಿಸಲು ಒಂದು ಮಧ್ಯಾಹ್ನ ಹಿಡಿಯುತ್ತಿತ್ತು.

ಹನ್ನೆರಡು ದಿನಕ್ಕೋ ಹದಿನೈದು ದಿನಕ್ಕೋ ಡಬ್ಬಿಗಳು ತಯಾರಾದವು. ಅಂಚು ಸವರಿ ನುಣುಪು ಮಾಡಿದ್ದರು, ಮೂಲೆ ಒಂದಕ್ಕೊಂದು ತಾಳೆಯಾಗುತ್ತಿದ್ದವು. ನನ್ನ ಹೆಸರನ್ನು ಮೊಳೆಯಿಂದ ಚುಚ್ಚಿ ಬರೆಯುತ್ತೇನೆಂದದ್ದನ್ನು ಕಷ್ಟಪಟ್ಟು ತಪ್ಪಿಸಿದೆ. ಗೋಣಿಯಲ್ಲಿ ಹೊಲಿದು, ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿನಲ್ಲೇ ಇಟ್ಟರು. "ಕುಲುಕಾಡಿದ್ರೂ ಏನೂ ಆಗೂದಿಲ್ಲ, ನಿಶ್ಚಿಂತಿಲೆ ಹೋಗು," ಎಂದರು. ಕುಲುಕಾಡಿದರೂ ಯಾಕೆ ಏನೂ ಆಗುವುದಿಲ್ಲ ಎಂದು ನಾನು ಕೇಳಬೇಕಿತ್ತು.

ಮೊದಲ ಪರೀಕ್ಷೆ. ಉದ್ದನೆಯ ಕೊಳವೆ, ಒತ್ತಿ ಹಿಡಿದ ಅನಿಲದ ಬಲದಿಂದ ಕಾಳನ್ನು ಹಾರಿಸುವ ಯಂತ್ರ. ಕಾಕಾ ಅದಕ್ಕೆ ತೋಪು ಎನ್ನುತ್ತಿದ್ದರು. ಹಾರಿಸಿದ ಮೇಲೆ ಕೋಣೆಯ ಬಾಗಿಲು ತೆರೆದು ಡಬ್ಬಿಯನ್ನು ತಿರುಗಿಸಿ ನೋಡಿದೆ. ಹಿಂದಿನ ದಪ್ಪ ತಗಡಿನಲ್ಲಿ ಹೆಬ್ಬೆರಳು ತೂರುವಷ್ಟು ತೂತು. ಆ ತೂತಿನಿಂದ ಆಚೆಯ ದೀಪ ಕಾಣುತ್ತಿತ್ತು. ನನ್ನ ಲೆಕ್ಕದ ಪ್ರಕಾರ ಅಲ್ಲಿ ಬರೀ ಚುಕ್ಕೆಗಳಿರಬೇಕಿತ್ತು. ನಮ್ಮ ಮೇಲ್ವಿಚಾರಕರು ತೂತಿನ ಅಗಲ ಅಳೆದು ಬರೆದುಕೊಂಡರು.

ರಿವೆಟ್ ಕಿತ್ತು ಡಬ್ಬಿ ಬಿಚ್ಚಿದೆ. ಒಳಗೆ, ನಟ್ಟನಡುವೆ, ಎರಡು ತಗಡುಗಳ ಮಧ್ಯೆ ಒಂದು ಕೊಳವೆಯ ತುಂಡು ನಿಂತಿತ್ತು. ಹತ್ತು ಸೆಂಟಿಮೀಟರಿಗೆ ಸರಿಯಾಗಿ ಕತ್ತರಿಸಿ, ಅಂಟು ಹಾಕಿ ಕೂರಿಸಿದ್ದು. ಕೊಳವೆಯ ಒಳಗೋಡೆ ಮಸಿಯಾಗಿ ಬಿರಿದಿತ್ತು. ಹಳೆಯ ಟೀವಿ ಆಂಟೆನಾದ ಅಲ್ಯೂಮಿನಿಯಂ ಕೊಳವೆ.

ಕೊಸರು. ತೆಳು ತಗಡು ದಾರಿಯಲ್ಲಿ ಒಳಕ್ಕೆ ತಗ್ಗದಿರಲಿ ಎಂದು ಹೇಳದೆ ಕೊಟ್ಟ ಆಧಾರ. ಕಾಳು ನೇರ ಅದರೊಳಗೇ ಹೊಕ್ಕಿತ್ತು. ಒಡೆದು ಚೂರಾಗಿತ್ತು ನಿಜ. ಆದರೆ ಚೂರುಗಳು ಚೆದರಲು ಕೊಳವೆ ಬಿಡಲಿಲ್ಲ. ಲಾಳಿಕೆಯಲ್ಲಿ ಸುರಿದ ಹಾಗೆ ಎಲ್ಲವನ್ನೂ ಒಟ್ಟಿಗೆ ಹಿಂದಿನ ತಗಡಿನ ಒಂದೇ ಜಾಗಕ್ಕೆ ತಲುಪಿಸಿತ್ತು.

ಫೋನ್ ಮಾಡಿದೆ. ಅವರು "ಹಲೋ" ಎಂದ ಕೂಡಲೇ ತೂತು, ಕೊಳವೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

"ನಡುವಿನ ಜಾಗಾ ಚೆದರಾಕ ಅಂತ ನೀವ ಹೇಳಿದ್ರಿ ಕಾಕಾ."

"ಹೇಳಿದ್ನೆವ್ವಾ. ಖಾಲಿ ಡಬ್ಬಿ ಕೊಡಾಕ ಕೈ ಬರಲಿಲ್ಲ."

"ಆರಕ್ಕೂ ಹಾಕೀರೇನು?"

"ಇಲ್ಲ, ಆಂಟೆನಾ ಮೂರಕ್ಕ ಸಾಲ್ತು. ಮೂರು ಖಾಲಿ ಅದಾವು."

ನಾಳೆ ಬೆಳಿಗ್ಗೆ ಎರಡನೆಯ ಪರೀಕ್ಷೆ. ಉಳಿದದ್ದು ಐದು ಡಬ್ಬಿ. ಹೊರಗಿನಿಂದ ಎಲ್ಲವೂ ಒಂದೇ. ರಿವೆಟ್ ಕಿತ್ತರೆ ತಗಡು ಮುರುಟುತ್ತದೆ, ಮತ್ತೆ ಕೂರಿಸಿ ಕೊಡುವವರು ಅಲ್ಲಿ ಯಾರೂ ಇಲ್ಲ.

"ಫೋನ್ ಡಬ್ಬಿಗೆ ಹಚ್ಚಿ ಹಿಡಿ," ಎಂದರು. "ಗೆಣ್ಣಿಲೆ ಬಡಿ. ಎರಡ ಸಲ. ಉಗುರು ತಾಗಬಾರದು."

ಬಡಿದೆ.

"ಇದರಾಗ ಕೊಳವಿ ಐತಿ. ತಗದಿಡು. ಮುಂದಿಂದು."

ಬಡಿದೆ.

"ಉಗುರು ತಾಗೇತಿ. ಮತ್ತೊಮ್ಮೆ... ಹಾಂ. ಖಾಲಿ. ಇದು ಖಾಲಿ, ಯವ್ವಾ."

ಹೀಗೆ ಐದನ್ನೂ ಬಡಿಸಿ ಮೂರನ್ನು ಒಂದು ಕಡೆ, ಎರಡನ್ನು ಒಂದು ಕಡೆ ಇರಿಸಿದರು. ನನ್ನ ಕಿವಿಗೆ ಐದೂ ಒಂದೇ ಥರ ಕೇಳಿದ್ದವು.

ಈ ಘಟನೆಯನ್ನು ನಾನು ಅನೇಕ ಕಡೆ ಹೇಳಿದ್ದೇನೆ. ಹೇಳುವಾಗಲೆಲ್ಲ ಇಲ್ಲಿಗೆ ನಿಲ್ಲಿಸುತ್ತೇನೆ; ಕೇಳಿದವರ ಕಣ್ಣು ಅರಳುತ್ತವೆ. ಆದರೆ ನಡೆದದ್ದು ಇನ್ನೂ ಸ್ವಲ್ಪ ಇದೆ. ಹಿಂದೆ ನಿಂತು ಎಲ್ಲವನ್ನೂ ನೋಡುತ್ತಿದ್ದ ಮೇಲ್ವಿಚಾರಕರು, "ತೂಕ ಮಾಡಿದ್ದರೆ ಸಾಕಿತ್ತಲ್ಲ," ಎಂದರು. ತಕ್ಕಡಿ ಮೇಜಿನ ಮೇಲೇ ಇತ್ತು. ಗಾಬರಿಯಲ್ಲಿ ನನಗೆ ಹೊಳೆದಿರಲಿಲ್ಲ. ತೂಗಿದೆವು. ಕಾಕಾ ಕೊಳವೆ ಇದೆ ಎಂದ ಎರಡು ಡಬ್ಬಿಗಳು ಒಂದಿಷ್ಟು ಭಾರವಿದ್ದವು, ಉಳಿದ ಮೂರು ಹಗುರ. ಒಂದರಲ್ಲೂ ಅವರು ತಪ್ಪಿರಲಿಲ್ಲ. ತಕ್ಕಡಿಯನ್ನು ಸೇರಿಸಿದರೆ ಕಥೆಗೆ ಕಳೆ ಇರುವುದಿಲ್ಲ ಎಂದು ಇಷ್ಟು ದಿನ ಬಿಡುತ್ತಿದ್ದೆ. ಈಗ ನೋಡಿದರೆ, ತಕ್ಕಡಿ ಇದ್ದರೇ ಅವರ ಕಿವಿ ಎಂಥದ್ದೆಂದು ಗೊತ್ತಾಗುವುದು.

ಎರಡನೆಯ ಪರೀಕ್ಷೆಯಲ್ಲಿ ಹಿಂದಿನ ತಗಡು ಉಳಿಯಿತು. ಅದೇ ಮಧ್ಯಾಹ್ನ ಮೂರನೆಯದರಲ್ಲೂ ಉಳಿಯಿತು. ಮುಂದಿನ ತಗಡಿನಲ್ಲಿ ಅಚ್ಚಿನಿಂದ ಒತ್ತಿದಂಥ ಒಂದು ದುಂಡು ತೂತು. ಹಿಂದಿನದರ ಮೇಲೆ ಬೂದುಬಣ್ಣದ ಮಸಿ, ಅದರ ತುಂಬ ಹೆಂಚಿನ ಮೇಲಿನ ರೊಟ್ಟಿಗೆ ಏಳುವಂಥ ಸಣ್ಣ ಸಣ್ಣ ಕಲೆ. ಬೆರಳಾಡಿಸಿ ನೋಡಿದೆ. ಎಲ್ಲೂ ತೂರಿರಲಿಲ್ಲ. ಕೋಣೆಯ ಹೊರಗೆ ಬಂದು ಗೋಡೆಗೆ ಒರಗಿ ನಿಂತು ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದರು.

"ಹಿಂದಿನ ತಗಡು?"

"ಉಳೀತ್ರಿ ಕಾಕಾ."

ಫೋನನ್ನು ಅಲ್ಲೇ ಇಟ್ಟು ಎದ್ದ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ನೀಲವ್ವನ ದನಿ: "ಏನ್ ಹೇಳಿದ್ಯವ್ವಾ? ನಿನ್ನೆಯಿಂದ ಫೋನ್ ಮುಂದ ಇಟ್ಕೊಂಡ ಕುಂತಿದ್ರು, ಈಗ ಎದ್ದು ರೊಟ್ಟಿ ಹಾಕು ಅಂತಾರ."

ಕೊಳವೆಯಿದ್ದ ಡಬ್ಬಿಯೂ ವ್ಯರ್ಥವಾಗಲಿಲ್ಲ. ನಡುವೆ ಏನಾದರೂ ಕಟ್ಟಿದರೆ ಚೂರುಗಳಿಗೆ ದಾರಿಯಾಗುತ್ತದೆ ಎಂಬುದು ಬಲ್ಲವರಿಗೆ ಮೊದಲೇ ಗೊತ್ತಿದ್ದ ವಿಷಯ. ನನ್ನ ಪ್ರಬಂಧದಲ್ಲಿ ಅದಕ್ಕೊಂದು ಒಳ್ಳೆಯ ಉದಾಹರಣೆ ಸಿಕ್ಕಂತಾಯಿತು, ಅಷ್ಟೆ. ಪದವಿ ಬಂತು, ಕೆಲಸ ಸಿಕ್ಕಿತು. ನನ್ನ ಪಾಲಿಗೆ ವಿಷಯ ಮುಗಿಯಿತು.

ಅವರ ಪಾಲಿಗೆ ಮುಗಿದಿರಲಿಲ್ಲ ಎಂದು ನನಗೆ ಗೊತ್ತಾದದ್ದು ವರ್ಷಗಳ ಮೇಲೆ. ಮೊಣಕಾಲು ನೋವು ಹೆಚ್ಚಾಗಿ ಅಂಗಡಿಯನ್ನು ಶಿಷ್ಯನೊಬ್ಬನಿಗೆ ಬಿಟ್ಟು, ಗಂಡ ಹೆಂಡತಿ ಹಿರೇಕೆರೂರು ತಾಲೂಕಿನ ಮಾಸೂರಿನಲ್ಲಿ ಮಗಳ ಮನೆ ಸೇರಿದ್ದರು. ಮಡಗ ಕೆರೆಯ ನೀರಿಗೆ ಗದ್ದೆ ಮಾಡುವ ಮನೆ, ಹಟ್ಟಿ ತುಂಬ ಜನ. ಕೊಡತಿಯ ಸದ್ದಿನಲ್ಲೇ ಬದುಕಿದ ಕಿವಿ ಅಷ್ಟರಲ್ಲಿ ಹೋಗಿತ್ತು. ಫೋನಿನಲ್ಲಿ ಮಾತಾಡುವುದು ನಿಂತಿತ್ತು. ನಾನು ನೋಡಲು ಹೋದಾಗ ಬಹಳ ಖುಷಿಪಟ್ಟರು, ಚಹಾ ಆಯಿತು, ಎಲ್ಲರೂ ಎದ್ದು ಹೋದ ಮೇಲೆ ನನ್ನ ಕಡೆ ಬಾಗಿ ಕೇಳಿದರು:

"ಆರು ಡಬ್ಬಿ ಕೊಟ್ಟಿದ್ದೆ. ಮೂರು ತೋಪಿಗೆ ಹೋದುವು. ಉಳದದ್ದು ಮೂರು. ಎರಡರಾಗ ಕೊಳವಿ ಐತಿ. ಎಲ್ಲಿ ಅದಾವು?"

"ಕಪಾಟಿನ್ಯಾಗ ಇರಬೇಕ್ರಿ," ಎಂದು ಕೂಗಿದೆ.

"ಮ್ಯಾಲೆ ಹೋಗಿಲ್ಲ?"

"ಇಲ್ರಿ! ಅವು ಪರೀಕ್ಷಾಕ್ಕ ಅಷ್ಟ. ಮ್ಯಾಲೆ ಹೋಗೂವ ಬ್ಯಾರೆ ಇರ್ತಾವು."

ಅವರು ತಲೆಯಾಡಿಸಿದರು. ನಂಬಲಿಲ್ಲ. ತಮ್ಮ ಮನಸ್ಸಿಗೆ ನೋವಾಗದಿರಲೆಂದು ಈ ಹುಡುಗಿ ಹೀಗೆ ಹೇಳುತ್ತಿದ್ದಾಳೆ ಎಂದುಕೊಂಡದ್ದು ಮುಖದಲ್ಲಿ ಕಾಣುತ್ತಿತ್ತು.

ನೀಲವ್ವ ನನ್ನನ್ನು ಅಡುಗೆಮನೆಗೆ ಕರೆದು ಹೇಳಿದರು: "ಟೀವ್ಯಾಗ ರಾಕೆಟ್ ಬಿಡೂದು ತೋರಿಸಿದ್ರ ಮೊಮ್ಮಕ್ಕಳು ಚಪ್ಪಾಳಿ ಹೊಡೀತಾವು. ಇವರು ಎದ್ದು ಕೆರಿ ದಂಡಿಗೆ ಹೋಗಿ ಕುಂದರ್ತಾರ. ಒಮ್ಮೆ ಮಗಳು ಜುಲುಮೆ ಮಾಡಿ ಕೇಳಿದ್ಲು. 'ನನ್ನ ಕೊಳವಿ ಮ್ಯಾಲೆ ಐತಿ, ಅದರ ಹಿಂದ ಯಾರರ ಕುಂತಿದ್ರ?' ಅಂದ್ರಂತ."

ಬಸ್ಸಿನಲ್ಲಿ ಬರುವಾಗ ನನಗೆ ನಾಚಿಕೆಯಾಯಿತು. ಹಿಂದಿನ ತಗಡು ಉಳಿಯಿತೆಂದು ಹೇಳಿ ಫೋನ್ ಇಟ್ಟವಳು ನಾನು. ಆರರಲ್ಲಿ ಮೂರು ಕಳೆದರೆ ಮೂರು ಉಳಿಯುತ್ತದೆ ಎಂದು ಕೆಲಸಗಾರನೊಬ್ಬ ಎಣಿಸುತ್ತ ಕೂತಿರುತ್ತಾನೆಂದು ನನಗೆ ತೋಚಿರಲಿಲ್ಲ.

ಪ್ರಯೋಗಾಲಯಕ್ಕೆ ಬರೆದೆ. ನನ್ನ ಅದೃಷ್ಟಕ್ಕೆ ಅಲ್ಲಿ ಯಾರೂ ಏನನ್ನೂ ಎಸೆಯುವುದಿಲ್ಲ. ಮೂರೂ ಡಬ್ಬಿಗಳಿದ್ದವು; ಒಂದು ಡಬ್ಬಿ ಕಿಟಕಿ ಮುಚ್ಚದಂತೆ ಒತ್ತು ಕೊಡಲು ಬಳಕೆಯಲ್ಲಿತ್ತು. ಬೇಡಿ ತಂದೆ. ಹಿರೇಕೆರೂರಿನಲ್ಲಿ ಬಸ್ಸು ಬದಲಿಸುವಾಗ ಕಂಡಕ್ಟರ್ ಚೀಲ ಮುಟ್ಟಿ ನೋಡಿ, "ಏನ್ರಿ ಇದು?" ಎಂದ. "ಖಾಲಿ ಡಬ್ಬಿ," ಎಂದೆ. ಪೂರ್ತಿ ಸುಳ್ಳೇನಲ್ಲ.

ಕಾಕಾ ಕಟ್ಟೆಯ ಮೇಲೆ ಕೂತಿದ್ದರು. ಮೂರನ್ನೂ ಅವರ ಮುಂದೆ ಸಾಲಾಗಿ ಇಟ್ಟೆ. ಮೊದಲನೆಯದಕ್ಕೆ ಬಡಿದರು, ಟಕ್, ಟಕ್. ಕೇಳಲಿಲ್ಲ. ಕಿವಿಯ ಹತ್ತಿರ ತಂದು ಬಡಿದರು. ಕೇಳಲಿಲ್ಲ. ಆಗ ಎಡಗೈಯನ್ನು ತಗಡಿನ ಮೇಲೆ ಅಗಲವಾಗಿ ಹರಡಿ, ಬಲಗೈಯ ಗೆಣ್ಣಿನಿಂದ ಅಂಗೈಯ ಪಕ್ಕದಲ್ಲೇ ಬಡಿದರು. ಕಣ್ಣು ಮುಚ್ಚಿದರು.

"ಇದು ಖಾಲಿ."

ಎರಡನೆಯದು. "ಕೊಳವಿ."

ಮೂರನೆಯದರ ಮೇಲೆ ಕೈ ಬಹಳ ಹೊತ್ತು ಇತ್ತು. "ಕೊಳವಿ," ಎಂದರು. ಆಮೇಲೆ ನಗಲು ಶುರು ಮಾಡಿದರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು. ನೀಲವ್ವ ಓಡಿ ಬಂದರು. "ಇಲ್ಲೇ ಅದಾವಲೇ! ಎರಡೂ ಇಲ್ಲೇ ಅದಾವು!" ಎಂದು ಹೆಂಡತಿಯ ತೋಳು ಅಲುಗಿಸಿದರು. "ಹೌದ್ರಿ, ಊರಿಗೆಲ್ಲಾ ಕೇಳ್ಸಾಕತ್ತೈತಿ," ಎಂದು ಅವರೂ ನಕ್ಕರು.

ಉಳಿ ಸುತ್ತಿಗೆ ತರಿಸಿ ಒಂದು ಡಬ್ಬಿಯ ರಿವೆಟ್‌ಗಳನ್ನು ತಾವೇ ಕಿತ್ತರು. ಒಳಗಿನಿಂದ ಕೊಳವೆಯ ತುಂಡನ್ನು ಎಳೆದು, ಅಂಗಿಯ ತುದಿಯಿಂದ ಒರೆಸಿ ನನ್ನ ಕೈಯಲ್ಲಿಟ್ಟರು.

"ಈ ಸಲ ಹೇಳಿ ಕೊಡಾಕತ್ತೇನಿ ನೋಡು. ಕೊಸರಲ್ಲ ಇದು."

ನಾನು ಅವರನ್ನು ನೋಡಿದ್ದು ಅದೇ ಕೊನೆ. ಕೊಳವೆ ಈಗ ನನ್ನ ಮೇಜಿನ ಮೇಲಿದೆ, ಪೆನ್ನು ಹಾಕಲು ತಳವಿಲ್ಲ, ಸುಮ್ಮನೆ ನಿಂತಿದೆ. ಮುಂದಿನ ಸಲ ಮಾಸೂರಿಗೆ ಹೋದದ್ದು ಅವರು ತೀರಿಕೊಂಡ ಮೇಲೆ. ಮಗಳು ಹೇಳಿದಳು: ನಾನು ಬಂದುಹೋದ ಕೆಲವು ದಿನಕ್ಕೆ ಟೀವಿಯಲ್ಲಿ ರಾಕೆಟ್ ಬಿಡುವುದು ಬಂತಂತೆ. ಎಲ್ಲರೂ ಅಪ್ಪನ ಮುಖ ನೋಡಿದರಂತೆ. ಅವರು ಏಳಲಿಲ್ಲ. ಚಹಾ ತರಿಸಿಕೊಂಡು, ಬೆಂಕಿ ಬಿಟ್ಟು ಮೇಲೇರಿದ್ದು ಚುಕ್ಕೆಯಾಗಿ ಕಾಣದಾಗುವ ತನಕ ನೋಡಿದರಂತೆ. ಆಮೇಲೆ ಎದ್ದು ಹತ್ತಿರ ಹೋಗಿ ಟೀವಿಯ ನೆತ್ತಿಗೆ ಬಡಿದರಂತೆ, ಎರಡು ಸಲ.

"ಪ್ಲಾಸ್ಟಿಕ್," ಎಂದರಂತೆ.

ನಾನಲ್ಲಿ ಇರಲಿಲ್ಲ. ಆದರೂ ಆ ಸದ್ದು ನನಗೆ ಸ್ಪಷ್ಟವಾಗಿ ಕೇಳುತ್ತದೆ.